ಮಗಳ ಎತ್ತರ, ಮಗಳ ಆಟ

ಪ್ರಶ್ನೆ: ಮಗಳು ಮೊದಲ ಪಿಯುಸಿ. 5 ಅಡಿ 10 ಇಂಚು ಇದ್ದಾಳೆ. ದಿನಾ ಸಂಜೆ ಬ್ಯಾಸ್ಕೆಟ್‌ಬಾಲ್. ಮುಂದೆ ಹೊರದೇಶದಲ್ಲಿ ಆಡಿ ದುಡಿಯುತ್ತೇನೆ ಅಂತಾಳೆ. ನಮ್ಮತ್ತೆ 'ಹಿಂಗೆ ಬೆಳೆದ್ರೆ ಗಂಡು ಎಲ್ಲಿ ಹುಡುಕೋದು' ಅಂತ ದಿನಾ ಗೊಣಗುತ್ತಾರೆ. ನಮ್ಮಂಥವರ ಮಕ್ಕಳಿಗೆ ಇದು ಆಗುವ ಮಾತಾ?
– ಒಬ್ಬ ತಾಯಿ, ಮಂಡ್ಯ

ಉತ್ತರ: ನೋಡಿ ತಾಯಿ, ಮೈಸೂರಿನಲ್ಲಿ ನಾನು ಆಟ ಹೇಳಿಕೊಡುವ ಹುಡುಗಿಯರಿಗೆ ಮೊದಲು ಮ್ವಾಡಿ ಮಬಿಕಾ ಕಥೆ ಹೇಳುತ್ತೇನೆ. ಆಫ್ರಿಕಾದ ಕಿನ್ಶಾಸಾದವಳು. ಎತ್ತರ 5 ಅಡಿ 11 ಇಂಚು, ನಿಮ್ಮ ಮಗಳಿಗಿಂತ ಒಂದೇ ಇಂಚು ಜಾಸ್ತಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜೈರ್ ದೇಶಕ್ಕೆ ಆಡಿದಳು. ಮರುವರ್ಷ ಅಮೆರಿಕದಲ್ಲಿ ಹೆಂಗಸರ ಡಬ್ಲ್ಯೂಎನ್‌ಬಿಎ ಲೀಗ್ ಶುರುವಾಯಿತು. ಲಾಸ್ ಏಂಜಲೀಸ್ ತಂಡ ಸೇರಿದಾಗ ಅವಳಿಗೆ ಇನ್ನೂ 20. ಅದೇ ಮೇ ತಿಂಗಳಲ್ಲಿ ಊರಲ್ಲಿ ಸರ್ಕಾರ ಉರುಳಿ, ಜೈರ್ ಅನ್ನೋ ಹೆಸರೇ ಹೋಗಿ ಕಾಂಗೋ ಆಯಿತು. ಆ ವಯಸ್ಸಲ್ಲಿ ಮನೆಯವರನ್ನು ಬಿಟ್ಟು ಅಷ್ಟು ದೂರ ಇದ್ದು ಆಡೋದು ಅಂದರೆ! ಹತ್ತು ವರ್ಷಕ್ಕೂ ಮೇಲೆ ಅದೇ ತಂಡದಲ್ಲಿ ಉಳಿದಳು. 2001, 2002 ಎರಡೂ ವರ್ಷ ಕಪ್ ಗೆದ್ದಳು.

ಆಗುತ್ತೆ ತಾಯಿ. ಆದರೆ ಇದು ತಿಂಗಳ ಸಂಬಳದ ನೌಕರಿ ಅಲ್ಲ. ಆ ಲೀಗ್‌ನ ಮೊದಲ ವರ್ಷ ಒಂದೊಂದು ತಂಡಕ್ಕೆ 28 ಪಂದ್ಯ, ಬೇಸಿಗೆಯಲ್ಲೇ ಮುಗಿದುಹೋಗುತ್ತಿತ್ತು. ಹಾಗಾಗಿ ಎಷ್ಟೋ ಆಟಗಾರ್ತಿಯರು ಚಳಿಗಾಲಕ್ಕೆ ಯುರೋಪಿಗೆ ಹೋಗಿ ಆಡುತ್ತಿದ್ದರು. ಇನ್ನೊಂದು ದಾರಿ ಓದಿನದು. ಮೊಜಾಂಬಿಕ್‌ನ ಕ್ಲಾರಿಸ್ ಮಚಾಂಗ್ವಾನ ಅಮೆರಿಕದ ಕಾಲೇಜು ತಂಡದಲ್ಲಿ ಆಡಿ, 1999ರಲ್ಲಿ ಅದೇ ಲಾಸ್ ಏಂಜಲೀಸ್ ತಂಡಕ್ಕೆ ಬಂದಳು. ಅದಕ್ಕೇ ಪಿಯುಸಿ ಬಿಡಿಸಬೇಡಿ. ನಮ್ಮಲ್ಲೂ ರೈಲ್ವೆ ಕೆಲಸ ಇಟ್ಟುಕೊಂಡೇ ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್‌ಗೆ ಆಡಿ ಬಂದರು.

ಒಂದು ಮಾತು ಮಾತ್ರ ಮರೆಯಬೇಡಿ. ಯಾವ ತಂಡವೇ ಕರೆಯಲಿ, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಸಿಮೆಂಟ್ ಅಂಕಣದಲ್ಲಿ ಹಾರಿ ಇಳಿಯುವಾಗ ನನ್ನ ಎಡ ಮೊಣಕಾಲು ಟಕ್ ಅಂದಿತು. ತಂಡದವರು ಒಂದು ರೂಪಾಯಿ ಕೊಡಲಿಲ್ಲ. ಅಪ್ಪ ಆ ವರ್ಷದ ಕಬ್ಬಿನ ದುಡ್ಡನ್ನೆಲ್ಲ ಆಪರೇಷನ್‌ಗೆ ಕಟ್ಟಿದರು. ಇವತ್ತೇ ಮಗಳ ಶೂ ತಿರುಗಿಸಿ ನೋಡಿ. ಹೆಬ್ಬೆರಳ ಕೆಳಗೆ ಗೆರೆ ಸವೆದು ನುಣ್ಣಗಾಗಿದ್ದರೆ ಹೊಸ ಜೊತೆ ಕೊಡಿಸಿ.

ಅತ್ತೆಯವರನ್ನು ಒಂದು ಸಂಜೆ ಅಂಕಣಕ್ಕೆ ಕರೆದುಕೊಂಡು ಹೋಗಿ. ಮೊಮ್ಮಗಳು ಬೋರ್ಡಿಗೆ ಬಡಿದು ಬಂದ ಚೆಂಡನ್ನು ಎಲ್ಲರ ತಲೆ ಮೇಲಿಂದ ಕಿತ್ತುಕೊಳ್ಳೋದನ್ನು ಅವರೂ ನೋಡಲಿ.