ಸೀನಿಯಾರಿಟಿ ಪಟ್ಟಿ ಒಂದೋ, ಎರಡೋ?

ಓದುಗರ ಪತ್ರ: "ಸಂಪಾದಕರೇ, ಹಳೆಯ ವಿಮಾನ ಕಂಪನಿಗಳು ಅಗ್ಗದ ದರದ ಹೊಸ ಬ್ರ್ಯಾಂಡ್ ತೆರೆದಾಗ ಸಿಬ್ಬಂದಿ ಸಿಡಿದೇಳುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಟಿಪ್ಪಣಿ ಓದಿದೆ. ನೀವು ಅವರ ಕಡೆಗೇ ವಾಲಿದ್ದೀರಿ. ಮಗಳು ಟೊರಾಂಟೊದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಅಂಥದೇ ಒಂದು ವಿಮಾನದಲ್ಲಿ ಪ್ರವಾಸ ಹೋಗಿಬಂದೆವು. ಊಟಕ್ಕೆ ಬೇರೆ ದುಡ್ಡು ಕೊಡಬೇಕು, ಕೊಡೋಣ. ಕಂಪನಿಗೆ ಹೊಸ ಗಿರಾಕಿ, ಹುಡುಗರಿಗೆ ನೌಕರಿ, ನಮ್ಮಂಥ ಪಿಂಚಣಿದಾರರಿಗೆ ವಿಮಾನಯೋಗ. ಇದರಲ್ಲಿ ಹಳೆಯ ನೌಕರರಿಗೆ ಹೊಟ್ಟೆಯುರಿ ಯಾಕೆ? ನಾನೂ ಬ್ಯಾಂಕಿನಲ್ಲಿ ಯೂನಿಯನ್ ಸದಸ್ಯನಾಗಿದ್ದವನೇ. ಆದರೆ ಲಕ್ಷಗಟ್ಟಲೆ ಎಣಿಸುವ ಪೈಲಟ್‌ಗಳ ಮುಷ್ಕರಕ್ಕೆ ನನ್ನ ಮನಸ್ಸು ಕರಗುವುದಿಲ್ಲ. ಹಾಗಾದರೆ ನಾನು ಅಗ್ಗದ ಟಿಕೆಟ್ ಕೊಳ್ಳಲೇಬಾರದೇ?" ನಿವೃತ್ತ ಬ್ಯಾಂಕ್ ಅಧಿಕಾರಿ, ಬಳ್ಳಾರಿ

ಮಾನ್ಯರೇ,

ಈ ಪ್ರಶ್ನೆ ಬ್ಯಾಂಕಿನವರಿಂದಲೇ ಬಂದದ್ದು ಒಳ್ಳೆಯದಾಯಿತು. ಅರ್ಧ ಉತ್ತರ ನಿಮ್ಮ ಊರಿನಲ್ಲೇ ಇದೆ. 1975ರಲ್ಲಿ ಗ್ರಾಮೀಣ ಬ್ಯಾಂಕುಗಳನ್ನು ಹುಟ್ಟುಹಾಕಿದಾಗಿನ ಲೆಕ್ಕಾಚಾರ ನೆನಪಿಸಿಕೊಳ್ಳಿ. ವಾಣಿಜ್ಯ ಬ್ಯಾಂಕಿನ ಸಂಬಳ ಕೊಟ್ಟು ಹಳ್ಳಿಯ ಶಾಖೆ ನಡೆಸಿದರೆ ಗಿಟ್ಟುವುದಿಲ್ಲ. ಆದ್ದರಿಂದ ದೊಡ್ಡ ಬ್ಯಾಂಕೊಂದು ಪ್ರಾಯೋಜಕನಾಗಿ ಬೆನ್ನಿಗೆ ನಿಲ್ಲಲಿ, ರಾಜ್ಯ ಸರ್ಕಾರಿ ನೌಕರರ ಮಟ್ಟದ ಸಂಬಳಕ್ಕೆ ಸ್ಥಳೀಯರನ್ನು ತೆಗೆದುಕೊಂಡು ಕಡಿಮೆ ಖರ್ಚಿನ ಬೇರೊಂದು ಬ್ಯಾಂಕ್ ನಡೆಸಲಿ ಎಂಬ ಯೋಜನೆ ಅದು. ಮಣಿಪಾಲದಲ್ಲಿ ಬೇರೂರಿದ್ದ ಸಿಂಡಿಕೇಟ್ ಬ್ಯಾಂಕ್ ಮೊರಾದಾಬಾದಿನಲ್ಲಿ ಇಂಥ ಮೊದಲ ಬ್ಯಾಂಕಿಗೆ ಪ್ರಾಯೋಜಕನಾಯಿತು. ಕೆನರಾ ಬ್ಯಾಂಕಿನ ಆಸರೆಯಲ್ಲಿ ಬಳ್ಳಾರಿಗೆ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಂತು. ಲೆಡ್ಜರ್ ಬರೆಯುವ ಕೆಲಸ, ಸಾಲದ ಅರ್ಜಿ, ವಸೂಲಿಯ ತಾಪತ್ರಯ ಎರಡೂ ಕಡೆ ಒಂದೇ. ಬೇರೆಯಾಗಿದ್ದದ್ದು ತಿಂಗಳ ಕೊನೆಯ ಸಂಬಳ. ಆ ನೌಕರರು ವರ್ಷಗಟ್ಟಲೆ ಹೋರಾಡಿದ ಮೇಲೆ, 1990ರಲ್ಲಿ ನ್ಯಾಯಮೂರ್ತಿ ಓಬುಲ್ ರೆಡ್ಡಿ ಅವರ ನ್ಯಾಯಮಂಡಳಿ ಪ್ರಾಯೋಜಕ ಬ್ಯಾಂಕಿನವರಿಗೆ ಸಮನಾದ ವೇತನ ಕೊಡಬೇಕೆಂದು ತೀರ್ಪು ಕೊಟ್ಟಿತು. ಅದು 1987ರ ಸೆಪ್ಟೆಂಬರ್‌ನಿಂದಲೇ ಅನ್ವಯ. ಆ ನೌಕರರಿಗಿದ್ದದ್ದು ಹೊಟ್ಟೆಯುರಿ ಎಂದು ನೀವು ಹೇಳಲಾರಿರಿ ಎಂದುಕೊಂಡಿದ್ದೇನೆ.

ಈಗ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಿರಿ. ನಿಮ್ಮ ಹೆಡ್ ಆಫೀಸು ಇನ್ನು ಮೇಲೆ ಹೊಸ ಶಾಖೆಗಳೆಲ್ಲ ಗ್ರಾಮೀಣ ಬ್ಯಾಂಕಿನ ಹೆಸರಿನಲ್ಲೇ ತೆರೆಯುತ್ತವೆ, ಈಗಿರುವ ಕೆಲವು ಶಾಖೆಗಳೂ ಅತ್ತ ಹೋಗುತ್ತವೆ ಎಂದು ಸುತ್ತೋಲೆ ಹೊರಡಿಸಿತ್ತು ಎನ್ನಿ. ಯಾರ ಸಂಬಳಕ್ಕೂ ಕತ್ತರಿಯಿಲ್ಲ, ಯಾರ ಕೆಲಸವೂ ಹೋಗುವುದಿಲ್ಲ. ಆದರೆ ಮ್ಯಾನೇಜರ್ ಹುದ್ದೆಗೆ ಕಾಯುತ್ತಿದ್ದ ನಿಮ್ಮ ಸರದಿ ಅಲ್ಲಿಗೇ ನಿಂತಿತು. ವಿಮಾನ ಕಂಪನಿಗಳಲ್ಲಿ ನಡೆಯುವುದು ಇದು. ಅದು ಅಲ್ಲಿ ಇಷ್ಟು ನೋಯಿಸುವುದಕ್ಕೆ ಕಾರಣ ಸೀನಿಯಾರಿಟಿ.

ಪೈಲಟ್ ಆಗಲಿ, ಕ್ಯಾಬಿನ್ ಸಿಬ್ಬಂದಿಯಾಗಲಿ, ದೊಡ್ಡ ಕಂಪನಿಗೆ ಸೇರಿದ ದಿನ ಒಂದು ಸಂಖ್ಯೆ ಸಿಗುತ್ತದೆ. ಯಾವ ವಿಮಾನ ಹಾರಿಸಬೇಕು, ಯಾವ ಮಾರ್ಗ, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಬಲಗಡೆ ಸೀಟಿನಿಂದ ಎಡಗಡೆಯ ಕ್ಯಾಪ್ಟನ್ ಸೀಟಿಗೆ ಯಾವಾಗ ಜರುಗುವುದು, ಮಂದಿ ಕಡಿಮೆ ಮಾಡುವಾಗ ಮೊದಲು ಯಾರು ಮನೆಗೆ ಹೋಗುವುದು, ಎಲ್ಲವನ್ನೂ ಹೆಚ್ಚುಕಡಿಮೆ ಆ ಸಂಖ್ಯೆಯೇ ಹೇಳುತ್ತದೆ. ಅದನ್ನು ಬೇರೆ ಕಂಪನಿಗೆ ಹೊತ್ತುಕೊಂಡು ಹೋಗುವಂತಿಲ್ಲ. ಇಪ್ಪತ್ತು ವರ್ಷ ದುಡಿದ ಕ್ಯಾಪ್ಟನ್ ಕೂಡ ಅಂಥದೇ ಇನ್ನೊಂದು ಕಂಪನಿಗೆ ಸೇರಿದರೆ ಸಾಮಾನ್ಯವಾಗಿ ಪಟ್ಟಿಯ ಬುಡದಿಂದಲೇ ಶುರುಮಾಡಬೇಕು. ಹಾಗಾಗಿ ಆಡಳಿತವರ್ಗ ಅಗ್ಗದ ಬ್ರ್ಯಾಂಡ್ ಎಂದೊಡನೆ ಯೂನಿಯನ್ನಿನವರು ಟಿಕೆಟ್ ದರ ವಿಚಾರಿಸುವುದಿಲ್ಲ. ಅಲ್ಲಿ ಹಾರುವವರು ನಮ್ಮ ಪಟ್ಟಿಯವರೋ, ಹೊಸ ಪಟ್ಟಿಯವರೋ ಎಂದು ಕೇಳುತ್ತಾರೆ. ಪಟ್ಟಿ ಎರಡಾದರೆ, ಮುಂದಿನ ಮಾತುಕತೆಯಲ್ಲಿ "ನೀವು ಒಪ್ಪದಿದ್ದರೆ ಹೊಸ ವಿಮಾನಗಳು ಅತ್ತ ಹೋಗುತ್ತವೆ" ಎಂದು ಹೆದರಿಸಲು ಕಂಪನಿಗೆ ಒಂದು ಕೋಲು ಸಿಕ್ಕಂತೆ.

ನಿಮ್ಮ ಮಗಳ ದೇಶಕ್ಕೇ ಬರೋಣ. ಏರ್ ಕೆನಡಾ ಈ ಹಿಂದೆ ಟ್ಯಾಂಗೊ, ಝಿಪ್ ಎಂಬ ಅಗ್ಗದ ಬ್ರ್ಯಾಂಡ್‌ಗಳನ್ನು ತೆರೆದು ಮುಚ್ಚಿತ್ತು. 2011ರಲ್ಲಿ ಮತ್ತೆ ಅದೇ ಪ್ರಸ್ತಾಪ ಬಂದಾಗ, ಯೂನಿಯನ್ ನಾಯಕರು ಒಪ್ಪಿ ತಂದಿದ್ದ ಒಪ್ಪಂದವನ್ನು ಪೈಲಟ್‌ಗಳು ಮತ ಹಾಕಿ ಬೀಳಿಸಿದರು. ಅದೇ ವರ್ಷ ಕ್ಯಾಬಿನ್ ಸಿಬ್ಬಂದಿ ತಮ್ಮ ಒಪ್ಪಂದವನ್ನು ಎರಡು ಸಲ ತಿರಸ್ಕರಿಸಿದರು. 2012ರ ಮಾರ್ಚ್‌ನಲ್ಲಿ ಸಂಸತ್ತು ಕಾನೂನು ಮಾಡಿ ಪೈಲಟ್‌ಗಳ ಮುಷ್ಕರದ ಹಾದಿ ಮುಚ್ಚಿತು. ವಿವಾದ ಮಧ್ಯಸ್ಥಗಾರರ ಮುಂದೆ ಹೋಯಿತು. ಎರಡೂ ಕಡೆಯ ಅಂತಿಮ ಪ್ರಸ್ತಾಪಗಳಲ್ಲಿ ಒಂದನ್ನು ಇಡಿಯಾಗಿ ಆರಿಸುವ ಪದ್ಧತಿ ಅದು. ಆಯ್ಕೆಯಾದದ್ದು ಕಂಪನಿಯದು. ಡಿಸೆಂಬರಿನಲ್ಲಿ ರೂಜ್ ಬ್ರ್ಯಾಂಡ್ ಘೋಷಣೆಯಾಯಿತು, 2013ರ ಜುಲೈ 1ರಂದು ಹಾರಿತು.

ಪೈಲಟ್‌ಗಳು ಏರ್ ಕೆನಡಾದ ಪಟ್ಟಿಯವರೇ, ಆದರೆ ರೂಜ್ ವಿಮಾನಕ್ಕೆ ಬೇರೆ, ಕಡಿಮೆ ಸಂಬಳ. ಕ್ಯಾಬಿನ್‌ಗೆ ಹೊಸಬರನ್ನು ಹಳಬರಿಗಿಂತ ಕಡಿಮೆ ಸಂಬಳಕ್ಕೆ ತೆಗೆದುಕೊಂಡರು. ಅವರಿಗೆ ಡಿಸ್ನಿಯವರಿಂದ ತರಬೇತಿ, ತಲೆಗೆ ಫೆಡೋರಾ ಟೋಪಿ. ಪತ್ರಿಕೆಗಳು ಆ ಟೋಪಿಯ ಬಗ್ಗೆ ಬರೆದಷ್ಟು ಸಂಬಳದ ಬಗ್ಗೆ ಬರೆಯಲಿಲ್ಲ, ಟೋಪಿಯ ಫೋಟೋ ಚೆನ್ನಾಗಿ ಬರುತ್ತದೆ ನೋಡಿ. ಅಗ್ಗವಾದದ್ದು ಸಂಬಳ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಮೂಲ ಕಂಪನಿಯಲ್ಲಿ ಸುಮಾರು 210 ಸೀಟಿದ್ದ ಬೋಯಿಂಗ್ 767ರಲ್ಲಿ ರೂಜ್ 260ಕ್ಕೂ ಹೆಚ್ಚು ಸೀಟು ಕೂರಿಸಿತು. ವಿಮಾನ ಅದೇ, ಇಂಧನದ ಖರ್ಚೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಹಂಚಿಕೊಳ್ಳುವವರು ಐವತ್ತು ಜನ ಹೆಚ್ಚಾದರು. ಹಾಗಾಗಿ ನಿಮ್ಮ ಟಿಕೆಟ್ ಅಗ್ಗವಾದದ್ದರಲ್ಲಿ ನಿಮ್ಮದೇ ಮೊಣಕಾಲಿನ ಕೊಡುಗೆಯೂ ಸಾಕಷ್ಟಿದೆ.

ಮುಂದೆ ನಡೆದದ್ದು ಸ್ವಾರಸ್ಯವಾಗಿದೆ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಕ್ಯಾಬಿನ್ ಸಿಬ್ಬಂದಿ ಮುಷ್ಕರ ಹೂಡಿದರು. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಾಗ, ವಿಮಾನ ನೆಲದ ಮೇಲಿರುವಾಗ ಮಾಡುವ ಕೆಲಸಕ್ಕೂ ಸಂಬಳ ಕೊಡಿ ಎಂಬುದು ಮುಖ್ಯ ಬೇಡಿಕೆ. ಕೆಲಸಕ್ಕೆ ಮರಳಿ ಎಂಬ ಆದೇಶ ಬಂದರೂ ಅವರು ಕದಲಲಿಲ್ಲ. ಆ ಸುಮಾರು ಹತ್ತು ಸಾವಿರ ಜನರಲ್ಲಿ ರೂಜ್‌ನವರೂ ಇದ್ದರು. ಅಗ್ಗಕ್ಕೆ ಸಿಗುತ್ತಾರೆಂದು ತಂದವರು ಹಳಬರ ಪಕ್ಕದಲ್ಲೇ ಫಲಕ ಹಿಡಿದು ನಿಂತಿದ್ದರು.

ನಿಮ್ಮ ಮನಸ್ಸು ಕರಗಿಸದ ಪೈಲಟ್‌ಗಳ ವಿಷಯಕ್ಕೆ ಬರುತ್ತೇನೆ. ಬಹುಶಃ ನಿಮ್ಮ ಮನಸ್ಸಿನಲ್ಲಿರುವುದು ಫ್ರಾನ್ಸ್. 2014ರ ಸೆಪ್ಟೆಂಬರ್ 15ರಿಂದ ಏರ್ ಫ್ರಾನ್ಸ್ ಪೈಲಟ್‌ಗಳು ಹದಿನಾಲ್ಕು ದಿನ ಕೆಲಸ ನಿಲ್ಲಿಸಿದರು. ಕಂಪನಿಗೆ 40 ಕೋಟಿ ಯೂರೋಗೂ ಹೆಚ್ಚು ನಷ್ಟವಾಯಿತು. ಪ್ರಧಾನಿ ಮ್ಯಾನುಯೆಲ್ ವಾಲ್ಸ್ ಅವರೇ ಸಾಕು ಮಾಡಿ ಎಂದರು. ತಿಂದು ತೇಗಿದವರ ಮುಷ್ಕರ ಎಂದು ಜನರೂ ಬೈದರು. ಕಾರಣ, ಕಂಪನಿಯ ಅಗ್ಗದ ಬ್ರ್ಯಾಂಡ್ ಟ್ರಾನ್ಸಾವಿಯಾ. ಪ್ಯಾರಿಸ್‌ನಲ್ಲಿ ಕೇವಲ 14 ವಿಮಾನಗಳಿದ್ದ ಅದನ್ನು ದೊಡ್ಡದು ಮಾಡುವುದಲ್ಲದೆ, ಟ್ರಾನ್ಸಾವಿಯಾ ಯುರೋಪ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ಹೊರಗೂ ನೆಲೆ ಮಾಡಿ, ಅಲ್ಲಿನ ಸಂಬಳದ ಮೇಲೆ ಪೈಲಟ್‌ಗಳನ್ನು ಇಟ್ಟುಕೊಳ್ಳಬೇಕೆಂದು ಕಂಪನಿ ಹೊರಟಿತ್ತು. ನೂರಕ್ಕಿಂತ ಹೆಚ್ಚು ಸೀಟಿನ ವಿಮಾನವನ್ನು ಏರ್ ಫ್ರಾನ್ಸ್, ಟ್ರಾನ್ಸಾವಿಯಾ ಸೇರಿದ ಕಂಪನಿಗಳ ಗುಂಪಿನಲ್ಲಿ ಯಾರು ಹಾರಿಸಿದರೂ ಒಂದೇ ಕರಾರು ಇರಲಿ ಎಂದು ಪೈಲಟ್‌ಗಳು ಪಟ್ಟು ಹಿಡಿದರು. ಕಂಪನಿ ಯುರೋಪ್ ಯೋಜನೆ ಕೈಬಿಟ್ಟಿತು. ಒಂದೇ ಕರಾರಿನ ಬೇಡಿಕೆ ಈಡೇರದೆಯೇ ಮುಷ್ಕರ ಮುಗಿಯಿತು.

ಇವರು ಅಗ್ಗದ ವಿಮಾನದ ಶತ್ರುಗಳು ಎಂದು ಆಗ ಯಾರಿಗಾದರೂ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಐದು ವರ್ಷಕ್ಕೆ, 2019ರಲ್ಲಿ, ಇದೇ ಪೈಲಟ್ ಯೂನಿಯನ್ ಟ್ರಾನ್ಸಾವಿಯಾ 40 ವಿಮಾನಗಳನ್ನು ದಾಟಬಾರದೆಂಬ ಮಿತಿಯನ್ನೇ ತೆಗೆದುಹಾಕಲು ಒಪ್ಪಿತು. ಅಷ್ಟರಲ್ಲಿ ಏರ್ ಫ್ರಾನ್ಸ್ ಪೈಲಟ್‌ಗಳು ತಮ್ಮ ಸೀನಿಯಾರಿಟಿ ಕಳೆದುಕೊಳ್ಳದೆ ಟ್ರಾನ್ಸಾವಿಯಾಕ್ಕೆ ಹೋಗಿಬರುವ ವ್ಯವಸ್ಥೆ ಆಗಿತ್ತು. ಪಟ್ಟಿ ಒಂದೇ ಆದ ಮೇಲೆ ಅಲ್ಲಿ ವಿಮಾನ ಹೆಚ್ಚಿದಷ್ಟೂ ಕ್ಯಾಪ್ಟನ್ ಹುದ್ದೆಗಳು ಹೆಚ್ಚುತ್ತವೆ. ಆಮೇಲೆ ಜಗಳ ಯಾಕೆ?

ಇಲ್ಲಿ ನಿಮ್ಮ ಅಸಮಾಧಾನದ ಜೊತೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ಪೈಲಟ್‌ಗಳು ತಮ್ಮ ಪಟ್ಟಿ ಉಳಿಸಿಕೊಳ್ಳುವುದರಲ್ಲಿ ನಿಪುಣರು, ಉಳಿದವರ ಪಾಲಿಗೆ ಅಷ್ಟು ಉತ್ಸಾಹ ಕಾಣುವುದಿಲ್ಲ. ಏರ್ ಫ್ರಾನ್ಸ್ 2017ರ ಡಿಸೆಂಬರಿನಲ್ಲಿ ಯುವ ಪ್ರಯಾಣಿಕರಿಗೆಂದು ಜೂನ್ ಎಂಬ ಬ್ರ್ಯಾಂಡ್ ಶುರುಮಾಡಿತು. ಕಾಕ್‌ಪಿಟ್‌ನಲ್ಲಿ ಏರ್ ಫ್ರಾನ್ಸಿನವರೇ. ಕ್ಯಾಬಿನ್‌ನಲ್ಲಿ ಬಿಳಿ ಸ್ನೀಕರ್ಸ್ ತೊಟ್ಟ, ಕಡಿಮೆ ಸಂಬಳದ ಹೊಸ ಹುಡುಗ ಹುಡುಗಿಯರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಇದು ಅಗ್ಗದ ವಿಮಾನವೂ ಅಲ್ಲ, ಮಾಮೂಲು ವಿಮಾನವೂ ಅಲ್ಲ, ಏನಿದು ಎಂದು ಪ್ರಯಾಣಿಕರಿಗೂ ತಿಳಿಯಲಿಲ್ಲ. 2018ರಲ್ಲಿ ಗುಂಪಿನ ಮುಖ್ಯಸ್ಥರಾಗಿ ಬಂದ ಬೆಂಜಮಿನ್ ಸ್ಮಿತ್ ಮರುವರ್ಷದ ಜನವರಿಯಲ್ಲೇ ಅದನ್ನು ಮುಚ್ಚುವುದಾಗಿ ಪ್ರಕಟಿಸಿದರು. ಆ ಕ್ಯಾಬಿನ್ ಸಿಬ್ಬಂದಿಗೆ ಏರ್ ಫ್ರಾನ್ಸಿನ ಕರಾರು ಸಿಕ್ಕಿತು. ಈ ಸ್ಮಿತ್ ಬಂದದ್ದು ಎಲ್ಲಿಂದ ಗೊತ್ತೇ? ಏರ್ ಕೆನಡಾದಿಂದ. ರೂಜ್ ಹುಟ್ಟಿದ ಕಾಲದಲ್ಲಿ ಅಲ್ಲಿನ ಹಿರಿಯ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಅಲ್ಲಿ ಅಗ್ಗದ ಬ್ರ್ಯಾಂಡ್ ಬೆಳೆಸಿದವರು ಇಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ಬೆಳೆಸಿದರು. ಆಡಳಿತವರ್ಗದವರಿಗೆ ಬ್ರ್ಯಾಂಡ್ ಮೇಲೆ ಮೋಹವಿಲ್ಲ, ನಮಗೆ ಮಾತ್ರ ಇರುತ್ತದೆ.

ಆಸ್ಟ್ರೇಲಿಯಾದ ಕ್ವಾಂಟಸ್ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2004ರಲ್ಲಿ ಹಾರಲು ಶುರುಮಾಡಿದ ಅದರ ಅಗ್ಗದ ಬ್ರ್ಯಾಂಡ್ ಜೆಟ್‌ಸ್ಟಾರ್ ಅನ್ನು ಮೊದಲಿಂದ ನಡೆಸಿದ ಅಲನ್ ಜಾಯ್ಸ್, ಮುಂದೆ ಕ್ವಾಂಟಸ್‌ಗೇ ಮುಖ್ಯಸ್ಥರಾದರು. 2011ರಲ್ಲಿ ಕ್ವಾಂಟಸ್ ಹೆಸರಿನ ಟಿಕೆಟ್ ಮಾರಿದ ವಿಮಾನವನ್ನು ಕ್ವಾಂಟಸ್ ಕರಾರಿನ ಪೈಲಟ್‌ಗಳೇ ಹಾರಿಸಲಿ ಎಂದು ಪೈಲಟ್‌ಗಳು ಕೇಳಿದರು. ಅವರ ಪ್ರತಿಭಟನೆ ಎಂದರೆ ಕೆಂಪು ಟೈ ಕಟ್ಟಿಕೊಳ್ಳುವುದು, ಪ್ರಯಾಣಿಕರಿಗೆ ಮೈಕಿನಲ್ಲಿ ವಿಷಯ ಹೇಳುವುದು. ಎಂಜಿನಿಯರುಗಳು ಮತ್ತು ನೆಲದ ಸಿಬ್ಬಂದಿಯ ಜೊತೆಗೂ ತಕರಾರು ನಡೆಯುತ್ತಿತ್ತು. ಅಕ್ಟೋಬರ್ 29ರಂದು ಜಾಯ್ಸ್ ಜಗತ್ತಿನಾದ್ಯಂತ ಕ್ವಾಂಟಸ್ ವಿಮಾನಗಳನ್ನೆಲ್ಲ ತಾವೇ ನೆಲಕ್ಕಿಳಿಸಿದರು. ಜೆಟ್‌ಸ್ಟಾರ್ ಹಾರುತ್ತಲೇ ಇತ್ತು. ನಾನು ಮೇಲೆ ಹೇಳಿದ ಕೋಲು ಇದೇ.

ನಮ್ಮಲ್ಲಿಯ ಉದಾಹರಣೆ ಮಂಗಳೂರು, ಉಡುಪಿಯ ಗಲ್ಫ್ ಕುಟುಂಬಗಳಿಗೆ ಚೆನ್ನಾಗಿ ಗೊತ್ತು. ಏರ್ ಇಂಡಿಯಾ 2005ರಲ್ಲಿ ಗಲ್ಫ್ ಕಾರ್ಮಿಕರನ್ನು ನೆನೆದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್ ತೆರೆಯಿತು. ಸರ್ಕಾರದಿಂದ ಟಾಟಾಗಳ ಕೈಗೆ ಬಂದ ಮೇಲೆ, ಬೆಂಗಳೂರಿನಲ್ಲಿ ನೆಲೆಸಿದ್ದ ಏರ್ ಏಷ್ಯಾ ಇಂಡಿಯಾವನ್ನು ಅದರೊಂದಿಗೆ ವಿಲೀನ ಮಾಡುವ ಕೆಲಸ ಶುರುವಾಯಿತು. 2024ರ ಮೇ ತಿಂಗಳಲ್ಲಿ ಕ್ಯಾಬಿನ್ ಸಿಬ್ಬಂದಿ ದೊಡ್ಡ ಸಂಖ್ಯೆಯಲ್ಲಿ ಒಮ್ಮೆಲೇ ಸಿಕ್ ಲೀವ್ ಹಾಕಿದರು. ಹತ್ತಾರು ವಿಮಾನ ರದ್ದಾದವು, 25 ಮಂದಿಯನ್ನು ಕೆಲಸದಿಂದ ತೆಗೆದರು. ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ ಅವರನ್ನು ಮತ್ತೆ ತೆಗೆದುಕೊಂಡರು. ಭತ್ಯೆ ಕಡಿಮೆಯಾಗಿದೆ, ವಿಲೀನದಲ್ಲಿ ಎಲ್ಲರನ್ನೂ ಸಮನಾಗಿ ಕಾಣುತ್ತಿಲ್ಲ ಎಂಬುದು ಅವರ ದೂರು. ಇವರು ಲಕ್ಷ ಎಣಿಸುವ ಪೈಲಟ್‌ಗಳಲ್ಲ, ಅಗ್ಗದ ಬ್ರ್ಯಾಂಡಿನದೇ ಮಕ್ಕಳು. ಅವರ ಸಿಕ್ ಲೀವ್ ದಾರಿ ನನಗೆ ಹಿಡಿಸಲಿಲ್ಲ. ರಜೆ ಕಳೆದು ಗಲ್ಫ್‌ಗೆ ಮರಳುವವನು ಗಡುವಿನೊಳಗೆ ಡ್ಯೂಟಿಗೆ ಹಾಜರಾಗದಿದ್ದರೆ ಅವನ ನೌಕರಿಗೇ ಸಂಚಕಾರ. ಆದರೆ ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ.

ನಿಮ್ಮ ಪರವಾಗಿಯೂ ಒಂದು ಬಲವಾದ ವಾದ ಇದೆ. ಅಮೆರಿಕದಲ್ಲಿ ಡೆಲ್ಟಾ 2003ರಲ್ಲಿ ಸಾಂಗ್ ಎಂದೂ ಯುನೈಟೆಡ್ 2004ರಲ್ಲಿ ಟೆಡ್ ಎಂದೂ ಬ್ರ್ಯಾಂಡ್ ತೆರೆದು, ತಮ್ಮ ಪೈಲಟ್‌ಗಳನ್ನೇ ಕೂರಿಸಿದವು. ಪಟ್ಟಿ ಒಂದೇ ಇತ್ತು, ಖರ್ಚೂ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. 2006ಕ್ಕೆ ಸಾಂಗ್, 2009ಕ್ಕೆ ಟೆಡ್ ಮುಚ್ಚಿದವು. ಗ್ರಾಮೀಣ ಬ್ಯಾಂಕುಗಳ ನಷ್ಟ ಹೆಚ್ಚಿದಾಗ ಕೂಡ ಹಲವರು ಬೆರಳು ತೋರಿಸಿದ್ದು ಆ ಸಮಾನ ವೇತನದ ಕಡೆಗೇ. ಸಮಾನ ಸಂಬಳ ಕೊಟ್ಟರೆ ಅಗ್ಗದ ಅಂಗಡಿ ನಡೆಯುವುದಿಲ್ಲ ಎಂಬ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ಟ್ರಾನ್ಸಾವಿಯಾ ನಡೆಯುತ್ತಿದೆ. ಸೀಟು ಒತ್ತಾಗಿಸಿ, ದಿನಕ್ಕೆ ಹೆಚ್ಚು ಗಂಟೆ ವಿಮಾನ ಹಾರಿಸಿ, ಇಳಿದ ವಿಮಾನವನ್ನು ಬೇಗ ಮೇಲೇಳಿಸಿ, ಬ್ಯಾಗಿಗೂ ಊಟಕ್ಕೂ ಬೇರೆ ದುಡ್ಡು ತೆಗೆದುಕೊಂಡು ಉಳಿಸುವುದು ಬಹಳಷ್ಟಿದೆ. ಅದನ್ನೆಲ್ಲ ಮಾಡುವ ಮೊದಲೇ ಸಂಬಳದ ಪಟ್ಟಿಗೆ ಕೈಹಾಕಿದರೆ ನೌಕರರು ಅನುಮಾನಪಡುವುದು ಸಹಜ.

ಕೊನೆಯ ಪ್ರಶ್ನೆ: ಟಿಕೆಟ್ ಕೊಳ್ಳಬಾರದೇ? ಧಾರಾಳವಾಗಿ ಕೊಳ್ಳಿ. ನಾನು ಹೇಳಿದ ಮುಷ್ಕರಗಳಲ್ಲಿ ಯಾವುದೂ ಪ್ರಯಾಣಿಕರ ಮೇಲೆ ದರ ಏರಿಸಿ ಎಂದು ಕೇಳಿದ್ದಲ್ಲ. ಕೌಂಟರಿನಲ್ಲಿ ಕೊಟ್ಟರೆ ಹೆಚ್ಚಾಗುತ್ತದೆ, ಬ್ಯಾಗಿನ ದುಡ್ಡನ್ನು ಬುಕಿಂಗ್ ಮಾಡುವಾಗಲೇ ಕಟ್ಟಿಬಿಡಿ. ಬಳ್ಳಾರಿಯಿಂದ ಟೊರಾಂಟೊಗೆ ಎಂದರೆ ಎರಡು ವಿಮಾನವಂತೂ ಬದಲಾಯಿಸಬೇಕಾದೀತು, ಎಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ತೆಗೆದುಕೊಳ್ಳಿ. ಮೊದಲ ವಿಮಾನ ಮುಷ್ಕರದಿಂದಲೋ ಮಂಜಿನಿಂದಲೋ ತಡವಾದರೆ ಮುಂದಿನದಕ್ಕೆ ವ್ಯವಸ್ಥೆ ಮಾಡುವ ಹೊಣೆ ಆಗ ಕಂಪನಿಯದು, ನಿಮ್ಮದಲ್ಲ.