ಸಂಬಳದ ಮಾವ, ಮೋಟಾರಿನ ಅಳಿಯ

ಸುಂಟಿಕೊಪ್ಪ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಾನು ಐಟಿಐ ಎಲೆಕ್ಟ್ರಿಷಿಯನ್. ಕುಶಾಲನಗರದ ಕಾಫಿ ಕ್ಯೂರಿಂಗ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಮೇಂಟೆನೆನ್ಸ್ ಕೆಲಸ. ಅದನ್ನು ಬಿಟ್ಟು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಸ್ವಂತ ವೈಂಡಿಂಗ್ ಅಂಗಡಿ ಇಡಬೇಕು ಅಂತ ಆಸೆ. ನಮ್ಮ ಮಾವ ಬ್ಯಾಂಕಿನಿಂದ ರಿಟೈರ್ ಆದವರು. ತಿಂಗಳ ಸಂಬಳ ಬಿಟ್ಟು ಗ್ರೀಸ್ ಮೆತ್ತಿಕೊಳ್ಳೋಕೆ ಹೊರಟಿದ್ದೀಯಾ ಅಂತಾರೆ. ಮದುವೆ ಮನೆಯಲ್ಲಿ ಯಾರಾದರೂ ಏನು ಮಾಡ್ತಿದ್ದೀರಿ ಅಂತ ಕೇಳಿದರೆ ಏನು ಹೇಳೋದು ಅನ್ನೋ ಸಂಕೋಚ ನನಗೂ ಇದೆ. ನೀವೇನಂತೀರಿ?’

ಮೊದಲು ನಿಮ್ಮ ಮಾವನವರ ಪರವಾಗಿ ಎರಡು ಮಾತು ಹೇಳಿ ಮುಗಿಸಿಬಿಡುತ್ತೇನೆ. ಮಳೆ ಹಿಡಿದರೂ ಸಂಬಳ ನಿಲ್ಲುವುದಿಲ್ಲ. ಪಿಎಫ್‌ಗೆ ನಿಮ್ಮದು ಶೇ 12 ಹೋದರೆ ಕಂಪನಿಯೂ ಅಷ್ಟೇ ಹಾಕುತ್ತದೆ. ಪಿಎಫ್ ಪಿಂಚಣಿ ಸಿಗಬೇಕಾದರೆ 10 ವರ್ಷದ ಸರ್ವಿಸ್ ಬೇಕು. ನಿಮಗೆ ಒಂಬತ್ತಾಗಿದೆ. ಆ ಒಂದು ವರ್ಷ ಹಲ್ಲು ಕಚ್ಚಿಕೊಂಡು ಮುಗಿಸಿ. ಸರಿ, ಮಾವನವರ ಸರದಿ ಮುಗಿಯಿತು.

ಈಗ ಹೇಳಿ, ಮಾರ್ಚ್ ತಿಂಗಳ ಕೊಡಗಿನಲ್ಲಿ ಬೆಳೆಗಾರ ಯಾರ ಮನೆ ಬಾಗಿಲಲ್ಲಿ ನಿಂತಿರುತ್ತಾನೆ? ಬ್ಯಾಂಕ್ ಮ್ಯಾನೇಜರ್ ಮನೆಯಲ್ಲಂತೂ ಅಲ್ಲ. ರೊಬಸ್ಟಾ ಕಾಫಿ ತೋಟಕ್ಕೆ ಆಗ ಮೊಗ್ಗು ಅರಳಿಸುವ ಹೂಮಳೆ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಹೂವಾಗಿ ಹದಿನೈದು ಇಪ್ಪತ್ತು ದಿನಕ್ಕೆ ಕಾಯಿ ಕಚ್ಚಲು ಎರಡನೇ ಸಲದ ನೀರು, ಅಂದರೆ ಬ್ಯಾಕಿಂಗ್ ನೀರೂ ಬೇಕು. ಅದೇ ಹೊತ್ತಿಗೆ ಎಲ್ಲರ ಮೋಟಾರೂ ಒಟ್ಟಿಗೆ ಓಡುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಮೂರು ಫೇಸ್‌ನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರ್ ನಿಲ್ಲುವುದಿಲ್ಲ. ಉಳಿದ ಎರಡರ ಮೇಲೆ ಭಾರ ಬಿದ್ದು ಕಾಯಿಲ್ ಸುಟ್ಟುಹೋಗುತ್ತದೆ. ಕೆರೆಯಲ್ಲಿ ನೀರಿದೆ, ಪೈಪ್ ಎಳೆದಾಗಿದೆ, ಮೊಗ್ಗು ಕಾಯುತ್ತಿದೆ, ಮೋಟಾರ್ ಮಾತ್ರ ಜೀಪಿನ ಹಿಂದೆ ಮಲಗಿದೆ. ಆಗ ವೈಂಡಿಂಗ್ ಮಾಡುವವನು ಕೂತ್ಕೊಳ್ಳಿ ಅಂದರೆ ಎಂಥ ದೊಡ್ಡ ಎಸ್ಟೇಟಿನವರೂ ಕೂರುತ್ತಾರೆ!

ಗೋಣಿಕೊಪ್ಪದಲ್ಲಿ ಅಂಥ ಒಬ್ಬರ ಅಂಗಡಿಯಲ್ಲಿ ನಾನೂ ಸುಮ್ನೆ ಕೂತಿದ್ದೇನೆ. ಸುಟ್ಟ ಕಾಯಿಲನ್ನು ಕತ್ತರಿಸಿ, ಒಂದೊಂದೇ ಎಳೆ ಬಿಡಿಸಿ, ಎಷ್ಟು ಸುತ್ತು ಇತ್ತು ಅಂತ ಎಣಿಸುತ್ತಿದ್ದರು. ತಂತಿಯ ದಪ್ಪವನ್ನು ಸ್ಕ್ರೂ ಗೇಜಿನಲ್ಲಿ ನೋಡಿ, ಹಳೇ ಡೈರಿಯೊಂದರಲ್ಲಿ ಬರೆದರು. ಯಾವ ತೋಟದ ಮೋಟಾರು, ಎಷ್ಟು ಎಚ್‌ಪಿ, ಎಷ್ಟು ಸುತ್ತು, ಯಾವ ಗೇಜು, ಎಲ್ಲ ಅದರಲ್ಲಿದೆ. ಅದೇ ಮೋಟಾರ್ ಮತ್ತೆ ಬಂದರೆ ಎಣಿಸುವ ಕೆಲಸ ಉಳಿಯಿತು. ಜುಲೈ ಮಳೆಯಲ್ಲಿ ಕಾಯಿಲಿಗೆ ಹಚ್ಚಿದ ವಾರ್ನಿಷ್ ಒಣಗುವುದಿಲ್ಲವಲ್ಲ ಅಂದೆ. ತಗಡಿನ ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿದರು. ಒಳಗೆ ಹಳೇ ಕಾಲದ ನೂರು ವಾಟ್ ಬಲ್ಬುಗಳು, ನಡುವೆ ಬೆಚ್ಚಗೆ ಕೂತಿದ್ದ ಒಂದು ಸ್ಟೇಟರ್, ಅಂದರೆ ಮೋಟಾರಿನ ಕಾಯಿಲ್ ಕೂರುವ ತಿರುಗದ ಭಾಗ. ಇದನ್ನು ಯಾವ ಕಾಲೇಜೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮದುವೆ ಮನೆಯ ಸಂಕೋಚದ ಬಗ್ಗೆ ಮಾತ್ರ ನಿಮ್ಮನ್ನು ಸ್ವಲ್ಪ ಬೈಯಲೇಬೇಕು. ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದರು. ಮೋಳಿಗೆ ಮಾರಯ್ಯ ಸೌದೆ ಮಾರುತ್ತಿದ್ದರು. ಅಂಬಿಗರ ಚೌಡಯ್ಯನವರ ಕೆಲಸ ಹೇಳಬೇಕಾಗಿಯೇ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡು ಓಡಾಡಿದ ಜನ ಅವರು. ನಾವು? ಫೋನಿನಲ್ಲಿ ‘ಪ್ಲಂಬರ್ 2’ ಅಂತ ಸೇವ್ ಮಾಡಿಕೊಳ್ಳುತ್ತೇವೆ, ಆತನ ಹೆಸರು ಕೇಳಿರುವುದಿಲ್ಲ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿಸಿದ್ದೇವೆ. ಅದರೊಳಗಿನ ಫ್ಯಾನ್ ತಿರುಗಿಸುವವನ ಕೆಲಸ ಯಾರದೋ! ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವು ಮುಡಿಸಿ ಪೂಜೆ ಮಾಡುವ ನಾಡು ನಮ್ಮದು. ಆಯುಧಕ್ಕೆ ಇಷ್ಟು ಮರ್ಯಾದೆ ಕೊಡುವ ಊರಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗನಿಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡುತ್ತಾರೆ. ಬೆಂಗಳೂರಿನಲ್ಲಿ ಅವನ ಅರ್ಧ ದುಡಿಯುವವನಿಗೆ ಕಂಪನಿ ಕಾರ್ಡ್ ಕುತ್ತಿಗೆಯಲ್ಲಿದ್ದರೆ ಸಾಕು, ಮಾತುಕತೆ ಮುಗಿಯಿತು.

ಸರ್ಕಾರದ್ದೂ ಅದೇ ಕಥೆ. 2023ರಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳಿಗೆ ಶೇ 5ರ ಬಡ್ಡಿಯಲ್ಲಿ ಸಾಲ, ಉಪಕರಣ ಕೊಳ್ಳೋಕೆ 15,000 ರೂಪಾಯಿ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಎಲ್ಲರೂ ಇದ್ದಾರೆ. ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್ ಇಲ್ಲ, ಪ್ಲಂಬರ್ ಇಲ್ಲ. ನಿಮಗೆ ಉಳಿದಿರುವ ದಾರಿ ಮುದ್ರಾ ಸಾಲ. ಅದರ ಕಿಶೋರ್ ಎಂಬ ವಿಭಾಗದಲ್ಲಿ 5 ಲಕ್ಷದವರೆಗೆ ಸಿಗುತ್ತದೆ, ಅಡವು ಬೇಡ. ಬ್ಯಾಂಕಿನ ಒಳಹೊರಗು ಗೊತ್ತಿರುವವರು ಮನೆಯಲ್ಲೇ ಇದ್ದಾರಲ್ಲ, ಅರ್ಜಿ ತುಂಬಿಸುವ ಕೆಲಸ ಮಾವನವರಿಗೇ ವಹಿಸಿ. ಮುಂದೆ ಮನೆ ವೈರಿಂಗಿಗೂ ಕೈ ಹಾಕುವುದಾದರೆ ಲೈಸೆನ್ಸ್ ಮಾಡಿಸಿಕೊಂಡೇ ಇಳಿಯಿರಿ.

ನಿಮಗೆ ಕಷ್ಟ ಬರುವುದು ಕೆಲಸ ಇಲ್ಲದೆ ಅಲ್ಲ, ಬಾಕಿಯಿಂದ. ಕಾಫಿ ರೇಟು ಏರಿದಾಗ ಹೊಸ ಜೀಪ್ ಬುಕ್ ಮಾಡುವವರೇ ನಿಮ್ಮ ಬಿಲ್ ನೋಡಿ ‘ಕಾಫಿ ಮಾರಿ ಆಗಲಿ, ನೋಡುವ’ ಅನ್ನುತ್ತಾರೆ. ತಾಮ್ರದ ತಂತಿ ಮಾರುವವನು ಹಾಗೆ ಕಾಯುವುದಿಲ್ಲ. ಅದಕ್ಕೆ ತಂತಿಯ ದುಡ್ಡನ್ನು ಮೊದಲೇ ಇಸಿದುಕೊಳ್ಳಿ, ಮಜೂರಿ ಬೇಕಾದರೆ ಆಮೇಲೆ ಬರಲಿ. ಪರಿಚಯದವರಿಗೂ ಇದೇ ನಿಯಮ, ನೆಂಟರಿಗಂತೂ ಕಡ್ಡಾಯ. ಇನ್ನೊಂದು, ಜೂನ್‌ನಲ್ಲಿ ಮಾತ್ರ ಅಂಗಡಿ ತೆರೆಯಬೇಡಿ. ಆಗ ಪಂಪ್‌ಸೆಟ್‌ಗಳೆಲ್ಲ ಶೆಡ್ ಸೇರಿರುತ್ತವೆ, ಬಾಡಿಗೆ ಕೈಯಿಂದ ಹೋಗುತ್ತದೆ. ಹತ್ತು ವರ್ಷ ತುಂಬಿದ ಮೇಲೆ ಬರುವ ಜನವರಿಯಲ್ಲಿ ತೆರೆಯಿರಿ. ಬೋರ್ಡಿನಲ್ಲಿ ನಿಮ್ಮ ಹೆಸರು ದಪ್ಪಕ್ಷರದಲ್ಲೇ ಇರಲಿ.

— ಸಂ.