ಅಲಗು ಬಿರಿದದ್ದೇಕೆ?

ಪ್ರಶ್ನೆ: ಹಿತ್ತಲ ಕುಲುಮೆಯಲ್ಲಿ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಅಡುಗೆಯ ಚಾಕು ಮಾಡಿ, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದಾಗ ಅಲಗು ಚಟ್ಟೆಂದು ಬಿರಿಯಿತು. ಕಾರಣವೇನು?
– ಓದುಗರೊಬ್ಬರು, ಗಂಗಾವತಿ

ಉತ್ತರ: ನೀರಿನಲ್ಲಿ ಅದ್ದಿದ್ದೇ ತಪ್ಪು. ಸಾಮಾನ್ಯವಾಗಿ ಶೇ. 0.6ರಷ್ಟು ಇಂಗಾಲವಿರುವ ಈ ಉಕ್ಕು ನೀರಿನ ಥಟ್ಟನೆಯ ತಂಪನ್ನು ತಾಳದೆ ಒಳಗೊಳಗೇ ಬಿಗಿದು ಸೀಳುತ್ತದೆ. ಆದ್ದರಿಂದ ಅಲಗು ಅಯಸ್ಕಾಂತಕ್ಕೆ ಅಂಟದಂತಾದ ಮೇಲೆ ಇನ್ನೂ ತುಸು ಕಾಯಿಸಿ, ಸುಮಾರು 50 ಡಿಗ್ರಿಗೆ ಬಿಸಿ ಮಾಡಿದ ಎಣ್ಣೆಯಲ್ಲಿ ಅದ್ದಬೇಕು. ನಮ್ಮ ಕಡೆಯ ಶೇಂಗಾ ಎಣ್ಣೆಯೇ ಸಾಕು. ಎಣ್ಣೆ ಹೊತ್ತಿಕೊಳ್ಳಬಹುದಾದ್ದರಿಂದ ಈ ಕೆಲಸವನ್ನು ಬಯಲಿನಲ್ಲೇ ಮಾಡಿ, ಕಬ್ಬಿಣದ ಮುಚ್ಚಳ ಕೈಗೆಟುಕುವಂತಿರಲಿ.

ಅದ್ದಿದ ಅಲಗು ಗಾಜಿನಂತೆ ಪೆಡಸಾಗಿರುತ್ತದೆ. ಅಂದೇ ಅದನ್ನು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ ಇಡಿ. ಉಜ್ಜಿದ ಮೈ ಒಣಗಿದ ಜೋಳದ ದಂಟಿನ ಹಳದಿಗೆ ತಿರುಗಿದರೆ ಹದ ಬಂದಂತೆ. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದಾದ್ದರಿಂದ, ಮುಂದಿನ ಚಾಕುವಿಗೆ ಹೊಸ ಪಟ್ಟಿಯನ್ನೇ ಕೊಳ್ಳಿ.